ಕೆಂದಿಯ ಕೊಂಬಿಗೆ ಒಂಬತ್ತು ಉಂಗುರ

ಆಗ ನನಗೆ ಐವತ್ತಾರು. ಹದಿನೆಂಟು ವರ್ಷದ ಹಿಂದಿನ ಮಾತು. ಐವತ್ತಾರು ಅನ್ನುವುದೂ ಅಂದಾಜೇ, ನಾನು ಹುಟ್ಟಿದ್ದನ್ನು ಯಾರೂ ಬರೆದಿಟ್ಟಿಲ್ಲ.

ಮೊನ್ನೆ ತುಮಕೂರಿನ ಬಟವಾಡಿಯಲ್ಲಿ ಡಾಕ್ಟರ ಹತ್ತಿರ ಹೋಗಿ ಬರುವಾಗ, ಹಣ್ಣಿನಂಗಡಿಯವನು ಕೊಳೆತ ದ್ರಾಕ್ಷಿಯನ್ನು ಚರಂಡಿ ಪಕ್ಕ ಸುರಿದಿದ್ದ. ಬಿಸಿಲಿಗೆ ಅದು ಉಕ್ಕಿ ನೊರೆ ಕಟ್ಟಿತ್ತು. ಆಟೋದವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ನಾನು ನಿಂತೆ. ಮಗಳು ಕೈ ಹಿಡಿದು ಎಳೆದು, ತಲೆ ಸುತ್ತು ಬಂತೇನವ್ವಾ ಅಂದಳು. ತಲೆ ಸುತ್ತಿರಲಿಲ್ಲ. ಮೇಷ್ಟ್ರ ಕಲ್ಲುಕೋಣೆಯ ವಾಸನೆ ಅದು. ಹುಳಿ ಬಂದ ಅಂಬಲಿಗೆ ಬೆಲ್ಲ ಬಿದ್ದ ಹಾಗೆ. ಮೂಗಿಗೆ ಬಿದ್ದ ಮೇಲೆ ಆ ವರ್ಷವೆಲ್ಲ ಬಂದು ಎದುರಿಗೆ ನಿಂತಿತು. ಮೂರನೇ ಕ್ಲಾಸಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಗುಬ್ಬಿಯಿಂದ ಹಾಗಲವಾಡಿಗೆ ಹೋಗುವ ದಾರಿಯಲ್ಲಿ ಆರು ಎಕರೆ. ಸುತ್ತ ಎಲ್ಲಿ ನೋಡಿದರೂ ತೆಂಗು. ಅದರ ನಡುವೆ ಈ ಮೇಷ್ಟ್ರು ದ್ರಾಕ್ಷಿ ಹಾಕಿದರು. ತುಮಕೂರಿನ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳಿ ರಿಟೈರಾದವರು, ರಾಜಶೇಖರಯ್ಯ ಅಂತ. ಚಪ್ಪರ ಹಾಕಲಿಲ್ಲ. ಬೇಲಿ ಎಳೆದ ಹಾಗೆ ಕಲ್ಲುಕಂಬ ನೆಟ್ಟು ತಂತಿ ಬಿಗಿದು, ಬಳ್ಳಿಯನ್ನು ಸಾಲುಸಾಲಾಗಿ ಹಬ್ಬಿಸಿದರು. ಸಾಲಿಗೂ ಸಾಲಿಗೂ ನಡುವೆ ಎಂಟು ಅಡಿ ನೆಲ. ಆ ಹಣ್ಣು ತಿನ್ನುವುದಕ್ಕಲ್ಲ, ವೈನಿಗೆ. ಕಲ್ಲು ಕಟ್ಟಿದ ತಣ್ಣನೆಯ ಕೋಣೆಯಲ್ಲಿ ಹಾಲಿನ ಡೈರಿಯಲ್ಲಿರುವಂತಹ ದೊಡ್ಡ ದೊಡ್ಡ ಡ್ರಮ್ಮುಗಳನ್ನು ನಿಲ್ಲಿಸಿದ್ದರು. ಊರಿನವರು ಅದನ್ನು ಬ್ರಾಂದಿ ತೋಟ ಎಂದು ಕರೆದರು.

ನನಗೆ ನೆಲ ಇರಲಿಲ್ಲ. ಇದ್ದ ಎರಡೆಕರೆಯನ್ನು ನನ್ನ ಗಂಡ ಸಾರಾಯಿ ಅಂಗಡಿಯಲ್ಲಿ ಕುಡಿದು ಮುಗಿಸಿ, ಆಮೇಲೆ ತಾನೂ ಮುಗಿದ. ಅದರಲ್ಲಿ ಹೇಳುವುದು ಏನೂ ಇಲ್ಲ. ನನಗೆ ಉಳಿದದ್ದು ಅತ್ತೆ ಕೊಟ್ಟ ಏಳು ಮಡಕೆ ಬೀಜ: ಎರಡು ತರದ ರಾಗಿ, ಸೊಗಡಿನ ಅವರೆ, ಹುಚ್ಚೆಳ್ಳು, ಕೆಂಪು ಜೋಳ, ತೊಗರಿ, ಹರಳು. ಬೀಜವನ್ನು ಬೂದಿಯಲ್ಲಿಟ್ಟರೆ ಒಂದು ವರ್ಷ ಇರುತ್ತದೆ, ಎರಡು ವರ್ಷ ಇರುತ್ತದೆ. ನೆಲಕ್ಕೆ ಹಾಕದಿದ್ದರೆ ಮೂರನೇ ವರ್ಷ ಅದು ಬರೀ ಕಾಳು, ಬೀಜವಲ್ಲ. ನಾನು ಎರಡು ವರ್ಷ ಇಟ್ಟಾಗಿತ್ತು.

ಮೇಷ್ಟ್ರ ಹತ್ತಿರ ಹೋಗಿ ಕೇಳಿದೆ. ಎಲ್ಲರಂತೆ ಕೂಲಿ ಮಾಡುತ್ತೇನೆ, ಅದರ ಮೇಲೆ ಸಾಲಿನ ನಡುವಿನ ನೆಲ ನನಗೆ ಬಿತ್ತಲಿಕ್ಕೆ ಬೇಕು ಅಂತ. ಅವರು ನಕ್ಕರು. ಎಂಟಡಿಯಲ್ಲಿ ಏನಮ್ಮ ಬೆಳೀತೀಯಾ ಅಂದರು. ರಾಗಿ ನಡುವೆ ಅಕ್ಕಡಿ ಹಾಕುವುದನ್ನು ನೀವು ಕಾಲೇಜಿನಲ್ಲಿ ಪಾಠ ಮಾಡಲಿಲ್ಲವೇನು ಅಂತ ಕೇಳಿದೆ. ನಾಲ್ಕು ಸಾಲು ರಾಗಿಗೆ ಒಂದು ಸಾಲು ಅವರೆ, ಅಂಚಿಗೆ ಹುಚ್ಚೆಳ್ಳು, ಮೂಲೆಗೆ ಹರಳು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ನೆಲವೂ ಬೆತ್ತಲೆ ಇರುವುದಿಲ್ಲ. ಅವರು ಹೂಂ ಅಂದರು. ಅದು ಒಳ್ಳೆಯ ಗುಣ ಅವರದು. ಗೊತ್ತಿಲ್ಲದ್ದನ್ನು ಹೆಂಗಸು ಹೇಳಿದರೂ ಕೇಳುತ್ತಿದ್ದರು. ನಾಲ್ಕು ಜನರ ಎದುರಿಗೆ ಹೇಳಿದರೆ ಮಾತ್ರ ಕೇಳುತ್ತಿರಲಿಲ್ಲ.

ಊರಲ್ಲಿ ಮಾತಾಯಿತು. ನನ್ನ ಓರಗಿತ್ತಿ ಪುಟ್ಟಮ್ಮ ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು, ಹತ್ತು ಜನ ಕೇಳುವ ಹಾಗೆ ಅಂದಳು:

"ಗಂಡನ್ನ ನುಂಗಿದ್ದು ಹೆಂಡ. ಈಗ ಆ ಹೆಂಡದ ತೋಟಕ್ಕೇ ಕೂಲಿಗೆ ಹೊಂಟವ್ಳೆ ನೋಡ್ರೇ."

"ಹೆಂಡ ಅವನನ್ನ ನುಂಗ್ಲಿಲ್ಲ ಕಣೇ. ಅವ್ನೇ ಹೆಂಡಾನ ನುಂಗಿದ್ದು. ನಿನ್ ಬಿಂದಿಗೆ ತುಂಬೈತೆ, ತೆಗಿ" ಅಂದೆ.

ಒಂದು ದಿನ ಮೇಷ್ಟ್ರು ಹಿಂದಿನ ವರ್ಷದ ವೈನನ್ನು ಸಣ್ಣ ಲೋಟದಲ್ಲಿ ತಂದು, ನೀವು ಕಳೆ ಕಿತ್ತು ಬೆಳೆಸಿದ್ದು, ರುಚಿ ನೋಡಿ ಅಂದರು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದರು. ನಾನು ಈಸಿಕೊಂಡು ಕುಡಿದೆ. ಎರಡೆಕರೆ ಹೋದದ್ದು ಯಾವ ರುಚಿಗೆ ಅಂತ ನನಗೂ ತಿಳಿಯಬೇಕಿತ್ತು. ಹುಣಸೆಹಣ್ಣು ನೆನೆಸಿದ ನೀರಿಗೆ ತುಕ್ಕು ಕಬ್ಬಿಣ ಅದ್ದಿದ ಹಾಗಿತ್ತು. ಇದಕ್ಕಾ ಅಂದುಕೊಂಡೆ. ಉಳಿದದ್ದನ್ನು ಅವರೆಗೆ ಚೆಲ್ಲಿದೆ. ಮೇಷ್ಟ್ರಿಗೆ ಬೇಜಾರಾಯಿತು.

ಅವರ ಬೇಸಾಯಕ್ಕೆ ನಾಲಿಗೆ ತಿರುಗದ ಒಂದು ಹೆಸರಿತ್ತು, ಬಯೋಡೈನಾಮಿಕ್ಕೋ ಏನೋ. ನಾವು ಕೊಂಬಿನ ಬೇಸಾಯ ಅನ್ನುತ್ತಿದ್ದೆವು. ಗೊಬ್ಬರದಂಗಡಿಯ ಚೀಲ ತೋಟದ ಒಳಕ್ಕೆ ಬರಬಾರದು. ಔಷಧಿ ಹೊಡೆಯಬಾರದು. ಹುಣ್ಣಿಮೆ ಅಮಾವಾಸ್ಯೆ ನೋಡಿ ಬಿತ್ತಬೇಕು, ಕತ್ತರಿಸಬೇಕು. ಇಷ್ಟಕ್ಕೆ ಪುಸ್ತಕ ಯಾಕೆ, ನಮ್ಮತ್ತೆ ಮಾಡುತ್ತಿದ್ದದ್ದೂ ಇದೇ. ಹೊಸದು ಅಂದರೆ ಕೊಂಬು. ಕರು ಹಾಕಿದ ಹಸುವಿನ ಕೊಂಬಿಗೆ, ಹಾಲು ಕೊಡುವ ಹಸುವಿನ ಸಗಣಿ ತುಂಬಿ, ಚಳಿಗಾಲಕ್ಕೆ ಮುಂಚೆ ನೆಲದಲ್ಲಿ ಹೂಳಬೇಕು. ಶಿವರಾತ್ರಿ ಆದಮೇಲೆ ತೆಗೆದರೆ ಒಳಗಿನ ಸಗಣಿ ಕರಿ ಮಣ್ಣಾಗಿರುತ್ತದೆ. ಅದರಲ್ಲಿ ಒಂದು ಹಿಡಿ ತೆಗೆದು ಪೀಪಾಯಿ ನೀರಿಗೆ ಹಾಕಿ, ಒಂದು ಗಂಟೆ ಬಲಕ್ಕೆ ಎಡಕ್ಕೆ ತಿರುಗಿಸಿ, ಬಳ್ಳಿಯ ಬುಡಕ್ಕೆ ಚಿಮುಕಿಸಬೇಕು. ಕೇಳಿದ ದಿನ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಯಮ್ಮ ಅಂತ ನನ್ನ ಜೊತೆಯವಳು, ನಮ್ಮೆಜಮಾನ್ರ ತಲೆಗೂ ಒಂದ್ ಕೊಂಬು ಹೂಳಿ ಸ್ವಾಮಿ, ಅಲ್ಲೂ ಏನಾರ ಬೆಳೆದೀತು ಅಂದಳು. ಮೇಷ್ಟ್ರೂ ನಕ್ಕರು. ಅದರಲ್ಲಿ ಎಷ್ಟು ನಿಜ, ಎಷ್ಟು ನಾಟಕ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ಆಟವಾಡುವ ಹಾಗಿರಲಿಲ್ಲ. ಶಿವರಾತ್ರಿ ಕಳೆದು ತೋಟ ನೋಡುವುದಕ್ಕೆ ಜನ ಬರುವವರಿದ್ದರು. ಈ ಬೇಸಾಯವನ್ನು ನೆಟ್ಟಗೆ ಮಾಡುತ್ತಾರೋ ಇಲ್ಲವೋ ನೋಡಿ ಕಾಗದ ಕೊಡುವವರು. ಕಾಗದ ಸಿಕ್ಕರೆ ಬೆಂಗಳೂರಿನ ದೊಡ್ಡ ಹೋಟೆಲಿನವರು ಬಾಟಲಿ ಕೊಳ್ಳುತ್ತಾರೆ. ಸಿಗದಿದ್ದರೆ ಮೇಷ್ಟ್ರ ಅಣ್ಣ ಕಾಯುತ್ತಾ ಕೂತಿದ್ದರು. ಜಮೀನು ಇಬ್ಬರಿಗೂ ಸೇರಿದ್ದು. ಈ ಹುಚ್ಚಾಟ ಸಾಕು, ಬಳ್ಳಿ ಕಿತ್ತು ತೆಂಗು ಹಾಕು ಅಂತ ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ತೆಂಗು ಬಂದರೆ ನೆರಳು. ನೆರಳಲ್ಲಿ ರಾಗಿ ಇಲ್ಲ, ಅವರೆ ಇಲ್ಲ. ಅವರಿಗೆ ದ್ರಾಕ್ಷಿಯ ಚಿಂತೆ, ನನಗೆ ನನ್ನ ಎಂಟಡಿಯ ಚಿಂತೆ.

ದೀಪಾವಳಿ ಹತ್ತಿರ ಬಂದಾಗ ಮೇಷ್ಟ್ರು ಕುಣಿಗಲ್ಲಿನ ಕಡೆಯಿಂದ ಎರಡು ಚೀಲ ಕೊಂಬು ತಂದರು. ಸತ್ತ ದನದ ಕೊಂಬು ಶೇಖರಿಸುವ ಒಬ್ಬನ ಹತ್ತಿರ ರಾಶಿ ಬಿದ್ದಿತ್ತಂತೆ. ಕಂಡಕಂಡದ್ದನ್ನು ತರಲಿಲ್ಲ, ಅರ್ಧ ದಿನ ಕೂತು ಒಂದೊಂದನ್ನೇ ಆರಿಸಿದೆ ಅಂತ ಹೆಮ್ಮೆಯಿಂದ ಹೇಳಿ ಚೀಲ ಸುರಿದರು. ಅರವತ್ತು ಕೊಂಬು. ಉದ್ದಕ್ಕೆ, ಚೂಪಾಗಿ, ಕನ್ನಡಿ ಹಾಗೆ ನುಣ್ಣಗೆ. ನೋಡಿದ ಕೂಡಲೇ ತಿಳಿಯಿತು. ನಮ್ಮ ಕಡೆ ಎತ್ತಿನ ಕೊಂಬನ್ನು ಗಾಜಿನ ಚೂರಿನಿಂದ ಹೆರೆಸಿ, ಎಣ್ಣೆ ಸವರಿ ಹೊಳೆಯುವಂತೆ ಮಾಡುತ್ತಾರೆ. ಹಸುವಿನ ಕೊಂಬನ್ನು ಯಾರೂ ಹೆರೆಸುವುದಿಲ್ಲ. ಒಂದೊಂದು ಕರುವಿಗೂ ಅದರ ಕೊಂಬಿನ ಮೇಲೆ ಒಂದು ಉಂಗುರ ಕೂರುತ್ತದೆ. ಹಸು ಕೊಳ್ಳುವವರು ಅದನ್ನು ಎಣಿಸಿಯೇ ಕೊಳ್ಳುತ್ತಾರೆ. ಹೆರೆಸಿದರೆ ಗಿರಾಕಿ ಅನುಮಾನ ಪಡುತ್ತಾನೆ. ಮೇಷ್ಟ್ರು ರೈತನ ಮಗ. ಚಿಕ್ಕಂದಿನಿಂದ ಒಳ್ಳೆ ಕೊಂಬು ಅಂದರೆ ಹೋರಿಯ ಕೊಂಬು ಅಂತಲೇ ಕಣ್ಣಿಗೆ ರೂಢಿ. ಆ ಕಣ್ಣೇ ಆರಿಸಿತ್ತು. ಬೇರೆ ದೇಶದವನಾಗಿದ್ದರೆ ರಾಶಿಯಲ್ಲಿ ಕೈಗೆ ಸಿಕ್ಕದ್ದನ್ನು ತಂದಿರುತ್ತಿದ್ದ, ಅದರಲ್ಲಿ ಹತ್ತಾದರೂ ಹಸುವಿನದಿರುತ್ತಿತ್ತು.

"ಇವು ಎತ್ತಿನವು ಸ್ವಾಮಿ" ಅಂದೆ. ಹನ್ನೊಂದು ಜನ ಹೆಂಗಸರಿದ್ದರು, ಪಕ್ಕದ ತೋಟದವರು ಇಬ್ಬರಿದ್ದರು. ಅಲ್ಲಿ ನಾನು ತಪ್ಪಿದೆ. ಅವರನ್ನು ಒಂಟಿಯಾಗಿ ಕರೆದು ಹೇಳಬೇಕಿತ್ತು.

ಅವರ ಮುಖ ಕೆಂಪಾಯಿತು. ಕೊಂಬು ಕೊಂಬೇ, ನೀನು ಸಗಣಿ ತುಂಬು ಅಂದರು.

ತುಂಬಿದೆ. ಕೂಲಿಯ ಕೆಲಸ, ತುಂಬದೆ ಏನು. ಹೂಳುವುದಕ್ಕೆ ಅವರೇ ಜಾಗ ತೋರಿಸಿದರು, ಕೆಳಗಿನ ತಗ್ಗಿನಲ್ಲಿ. ಅಗೆಯಲಿಕ್ಕೆ ಮೆತ್ತಗಿದೆ ಅಂದರು. ಮೆತ್ತಗಿರುವುದು ನೀರು ನಿಲ್ಲುವುದಕ್ಕೆ ಅಂತ ಆಗ ನಾನು ಹೇಳಲಿಲ್ಲ. ಒಂದು ದಿನಕ್ಕೆ ಒಂದು ಬೈಗುಳ ಸಾಕಾಗಿತ್ತು.

ಮನೆಗೆ ಬಂದವಳು ಹಿತ್ತಲಿನ ನುಗ್ಗೆ ಮರ ನೋಡುತ್ತಾ ಕೂತೆ. ಅದರ ಬುಡದಲ್ಲಿ ಕೆಂದಿ ಇದ್ದಳು. ನನ್ನ ಹಸು. ಹಿಂದಿನ ವರ್ಷ ಬೇಸಿಗೆಯಲ್ಲಿ ಮುಪ್ಪಾಗಿ ಸತ್ತದ್ದು. ನಮ್ಮಲ್ಲಿ ಮನೆಯ ಹಸುವನ್ನು ಎಳೆದು ಬಿಸಾಡುವುದಿಲ್ಲ. ಅರಿಶಿನ ಕುಂಕುಮ ಇಟ್ಟು, ಹಳೇ ಸೀರೆ ಹೊದಿಸಿ, ಮನೆಯ ಹತ್ತಿರವೇ ಹೂಳುತ್ತೇವೆ. ಹೂತದ್ದನ್ನು ಯಾರೂ ಅಗೆಯುವುದಿಲ್ಲ. ಅಗೆದರೆ ಕೊಟ್ಟಿಗೆಯಲ್ಲಿ ಮತ್ತೆ ಹಸು ನಿಲ್ಲುವುದಿಲ್ಲ ಅನ್ನುತ್ತಾರೆ. ನನ್ನ ಕೊಟ್ಟಿಗೆ ಹೇಗೂ ಖಾಲಿ.

ಮಾರನೇ ದಿನ ಬಿಸಿಲು ಏರಿದ ಮೇಲೆ, ಎಲ್ಲರೂ ನೋಡುವ ಹಾಗೆ ಹಾರೆ ಹಿಡಿದು ಅಗೆದೆ. ಪುಟ್ಟಮ್ಮ ಗೋಡೆ ಆಚೆಯಿಂದ ಬಾಯಿ ಮಾಡಿದಳು. ತಾಯಿ ಹೆಣ ಕೆದಕ್ತಾವ್ಳೆ, ವಂಶ ಹಾಳಾಗ್ತದೆ, ನಮ್ಮ ಮನೆಗೂ ತಟ್ಟುತ್ತದೆ ಅಂದಳು. ನಾನು ತಲೆ ಎತ್ತಲಿಲ್ಲ. ಮೊಣಕಾಲುದ್ದ ಹೋದ ಮೇಲೆ ಸಿಕ್ಕಿತು. ಕೊಂಬಿನ ಹೊರಚಿಪ್ಪು ಹಿಡಿದು ತಿರುಚಿದರೆ ಕೈಗೆ ಬಂತು, ಕಾಲಿನಿಂದ ಬೆಳ್ಳಿ ಕಡಗ ತೆಗೆದ ಹಾಗೆ. ಮಣ್ಣು ಒರೆಸಿ ಎಣಿಸಿದೆ. ಒಂಬತ್ತು ಉಂಗುರ. ಐದು ಹೋರಿ, ನಾಲ್ಕು ಕಡಸು. ಗುಂಡಿ ಮುಚ್ಚಿ, ಕೈ ತೊಳೆದು, ಉಂಡೆ.

ಎರಡು ಕೊಂಬಿಂದ ಏನಾಗುತ್ತದೆ. ಜೊತೆಯ ಹೆಂಗಸರನ್ನು ಕೇಳಿದೆ, ನಿಮ್ಮ ಮನೆಯಲ್ಲೂ ಹಸು ಸತ್ತಿವೆಯಲ್ಲ ಅಂತ. ಎರಡು ದಿನ ಯಾರೂ ನನ್ನ ಪಕ್ಕದಲ್ಲಿ ಕೂತು ಊಟ ಮಾಡಲಿಲ್ಲ. ಮೂರನೇ ದಿನ ಜಯಮ್ಮ ಬಂದು, ಸೆರಗಿನಿಂದ ಒಂದು ಕೊಂಬು ತೆಗೆದು ಕಾಲ ಹತ್ತಿರ ಇಟ್ಟಳು.

"ಇನ್ನೊಂದು ಮುರ್ದೋಗಿತ್ತು, ಬದುಕಿದ್ದಾಗ್ಲೇ" ಅಂದಳು. "ನಮ್ಮತ್ತೆ ಕೇಳಿದ್ರೆ ನಾಯಿ ಎತ್ಕೊಂಡೋಯ್ತು ಅಂತ ಹೇಳ್ತೀನಿ. ನೀನು ಬಾಯಿ ಬುಡ್ಬೇಡ."

"ನಾನ್ ಬುಡದಿದ್ರೂ ನೀನೇ ಬುಡ್ತೀಯ."

ವಾರದೊಳಗೆ ಹನ್ನೊಂದಾಯಿತು. ಕೆಲವಕ್ಕೆ ಮೂರು ಉಂಗುರ, ಕೆಲವಕ್ಕೆ ಏಳು. ಎಲ್ಲ ಗಿಡ್ಡ, ಸೊಟ್ಟ, ಒರಟು. ತುಂಬಿ, ಮೇಲುಗಡೆ ನನ್ನ ಕೊನೇ ಸಾಲಿನ ಅಂಚಿನಲ್ಲಿ ಹೂತು, ಗುರುತಿಗೆ ಹರಳು ಗಿಡ ಇದ್ದ ಕಡೆ ಕಲ್ಲು ನೆಟ್ಟೆ. ಮೇಷ್ಟ್ರಿಗೆ ಹೇಳಿದೆ, ಮೇಲೆ ಇನ್ನಷ್ಟು ಹೂತಿದ್ದೇನೆ, ಹಸುವಿನವು ಅಂತ. ಅವರು ಪೇಪರ್ ಓದುತ್ತಿದ್ದರು. ಓದುತ್ತಲೇ ಇದ್ದರು.

ಆ ಚಳಿಗಾಲ ಚೆನ್ನಾಗಿತ್ತು. ಬೆಳಗ್ಗೆ ಎಂಟರವರೆಗೂ ಮಂಜು, ಹಾಗಲವಾಡಿ ಬಸ್ಸು ಲೈಟು ಹಾಕಿಕೊಂಡೇ ಬರುತ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಮುತ್ತಿ, ಸಾಲಿನ ನಡುವೆ ನಡೆದರೆ ಗುಂಯ್ ಅನ್ನುತ್ತಿತ್ತು. ರಾಗಿ ಕೊಯ್ದೆವು. ಅವರೆಯ ಸೊಗಡು ಸೀರೆಗೆ ಹತ್ತಿ, ಒಗೆದರೂ ಹೋಗದೆ, ಬಸ್ಸಿನಲ್ಲಿ ಪಕ್ಕದವರು ಎಷ್ಟು ಸೇರು ತಂದಿದ್ದೀಯಮ್ಮ ಅಂತ ಕೇಳುವರು. ದ್ರಾಕ್ಷಿ ಹಸಿರಿನಿಂದ ನೇರಳೆಗೆ ತಿರುಗಿತು. ಗಿಳಿ ಓಡಿಸಿ ಓಡಿಸಿ ನಮ್ಮ ಗಂಟಲು ಹೋಯಿತು. ನನ್ನ ಏಳು ಮಡಕೆಗೂ ಹೊಸ ಬೀಜ ಬಿತ್ತು. ಇನ್ನು ಎರಡು ವರ್ಷಕ್ಕೆ ಚಿಂತೆ ಇಲ್ಲ, ಅದಾದ ಮೇಲೆ ನೆಲ ಬೇಕು ಅಂತ ಮನಸ್ಸು ಎಣಿಸುತ್ತಲೇ ಇತ್ತು.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ ಅವರು ಬಂದರು. ಬೂಟು ಹಾಕಿದ ಎತ್ತರದ ಬಿಳಿ ಹೆಂಗಸು, ನನ್ನ ವಯಸ್ಸೇ ಇದ್ದೀತು, ಕೈ ಒರಟಾಗಿತ್ತು. ಜೊತೆಗೆ ಬೆಂಗಳೂರಿನ ಒಬ್ಬಾತ, ಅವಳ ಮಾತನ್ನು ನಮಗೆ ಹೇಳುವವನು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಕಲ್ಲುಕೋಣೆ ತೋರಿಸಿದರು, ಡ್ರಮ್ಮು ತೋರಿಸಿದರು, ಮೊದಲ ಕೊಯ್ಲಿನ ಹಣ್ಣು ಒಳಗೆ ಹುಳಿ ಬರುತ್ತಿತ್ತು. ಅವಳು ಮೂಸಿ ತಲೆದೂಗಿದಳು. ನನ್ನ ಸಾಲುಗಳ ಹತ್ತಿರ ನಿಂತು ಏನೇನೋ ಕೇಳಿದಳು. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದರು. ಅವರ ಮುಖ ಅರಳಿತ್ತು. ಆಮೇಲೆ ತಗ್ಗಿಗೆ ಕರೆದುಕೊಂಡು ಹೋಗಿ, ಅಗೆಯಿರಿ ಅಂದರು.

ಅಗೆಯುತ್ತಿದ್ದಂತೆಯೇ ವಾಸನೆ ಬಂತು. ಮೊದಲ ಕೊಂಬು ತಟ್ಟಿದರೆ ಒಳಗಿನದು ಹಸಿರಾಗಿಯೇ ಇತ್ತು, ಜಿಗಟು, ಕೊಳೆ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಹುಳ. ಎತ್ತಿನ ಕೊಂಬು ಅಂತ ಕೆಟ್ಟಿತೋ, ತಗ್ಗಿನಲ್ಲಿ ನೀರು ನಿಂತು ಕೆಟ್ಟಿತೋ, ನಾನು ಆಣೆ ಮಾಡಿ ಹೇಳಲಾರೆ. ಬಿಳಿ ಹೆಂಗಸು ಒಂದು ಕೊಂಬು ಎತ್ತಿ ಬೆರಳಿನಿಂದ ಸವರಿದಳು. ನುಣ್ಣಗಿತ್ತು. ಏನೋ ಕೇಳಿದಳು. ಇದು ಯಾವ ಪ್ರಾಣಿಯದು ಅಂತ ಕೇಳ್ತಿದಾರೆ ಅಂದ ಬೆಂಗಳೂರಿನವನು.

ಮೇಷ್ಟ್ರು ಹಸು ಅಂದರು. ಕನ್ನಡದಲ್ಲೇ ಅಂದರು, ಯಾಕೋ.

ಅವಳು ನಮ್ಮ ಕಡೆ ತಿರುಗಿದಳು. ಹನ್ನೊಂದು ಜನ ನೆಲ ನೋಡುತ್ತಿದ್ದರು. ಸುಮ್ಮನಿದ್ದರೆ ಕಾಗದ ಸಿಕ್ಕರೂ ಸಿಗಬಹುದು, ನನ್ನ ನೆಲ ಉಳಿಯಬಹುದು. ಬಾಯಿ ಬಿಟ್ಟರೆ ಎರಡೂ ಹೋಗಬಹುದು. ಅಷ್ಟು ನನಗೆ ತಿಳಿಯುತ್ತಿತ್ತು. ಆದರೆ ಸುಳ್ಳಿನ ಮೇಲೆ ಉಳಿದ ನೆಲವನ್ನು ಮೇಷ್ಟ್ರು ನಾಳೆ ಯಾವ ಮುಖದಲ್ಲಿ ನನಗೆ ಬಿತ್ತಲು ಬಿಟ್ಟಾರು? ನನ್ನನ್ನು ನೋಡಿದಾಗಲೆಲ್ಲ ಅವರಿಗೆ ಇದೇ ಚುಚ್ಚುತ್ತದಲ್ಲ. ಕೆಂದಿಯನ್ನು ಅಗೆದದ್ದು ಸುಮ್ಮನಿರುವುದಕ್ಕೂ ಅಲ್ಲ.

"ಎತ್ತು" ಅಂದೆ.

"ಗಂಗಮ್ಮ, ಸುಮ್ನಿರು."

"ದೀಪಾವಳಿಯಿಂದ ಸುಮ್ನೇ ಇದೀನಿ ಸ್ವಾಮಿ. ಸಾಕಾಯ್ತು. ಹಸುವಿಂದು ಮೇಲೈತೆ, ಬನ್ನಿ ಅನ್ನಿ ಅವರಿಗೆ."

ಹಾರೆ ಹೆಗಲಿಗೆ ಹಾಕಿಕೊಂಡು ನಡೆದೆ. ಹಿಂದೆ ಬೂಟಿನ ಸದ್ದು ಬಂತು. ಕಲ್ಲು ಕಿತ್ತು ನಾನೇ ಅಗೆದೆ. ಕೆಂದಿಯ ಕೊಂಬನ್ನು ಕಲ್ಲಿಗೆ ಕುಟ್ಟಿದರೆ ಒಳಗಿನದು ಇಡಿಯಾಗಿ ಜಾರಿ ಅಂಗೈಗೆ ಬಿತ್ತು. ಕರ್ರಗೆ, ಕಾಫಿಪುಡಿ ಹಾಗೆ. ಸಗಣಿಯ ವಾಸನೆಯೇ ಇಲ್ಲ, ಮೊದಲ ಮಳೆ ಬಿದ್ದ ಹೊಲದ ವಾಸನೆ. ಬಿಳಿ ಹೆಂಗಸು ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತಳು. ಕೊಂಬಿನ ಮೇಲೆ ಬೆರಳಾಡಿಸಿ, ಇದೇನು ಅಂತ ಸನ್ನೆ ಮಾಡಿದಳು. ನಾನು ಅವಳ ಬೆರಳು ಹಿಡಿದು ಒಂದೊಂದೇ ಉಂಗುರದ ಮೇಲಿಟ್ಟು, ಹೋರಿ, ಕಡಸು, ಹೋರಿ ಅಂತ ಒಂಬತ್ತನ್ನೂ ಎಣಿಸಿದೆ. ಬೆಂಗಳೂರಿನವನು ಅರ್ಥ ಹೇಳುವ ಮೊದಲೇ ಅವಳಿಗೆ ತಿಳಿದಿತ್ತು.

ಕಾಗದ ಕೊಡಲಿಲ್ಲ. ಬರೀ ಕೊಂಬು ಕೆಟ್ಟಿದ್ದರೆ ಮುಂದಿನ ವರ್ಷ ಸರಿ ಮಾಡಿ ಅನ್ನಬಹುದಿತ್ತು, ಆದರೆ ಎತ್ತನ್ನು ಹಸು ಅಂದರಲ್ಲ, ಅದನ್ನು ಬರೆಯಲೇಬೇಕು ಅಂದ ಬೆಂಗಳೂರಿನವನು. ಬರುವ ವರ್ಷ ಮತ್ತೆ ಬಂದು ನೋಡುತ್ತೇವೆ, ಬಳ್ಳಿ ನಡುವಿನ ಬೆಳೆಯನ್ನು ಮಾತ್ರ ಹೀಗೇ ಇಟ್ಟಿರಿ ಅಂತಲೂ ಬರೆದಿದ್ದಾರೆ ಅಂದ. ಕಾರು ಹೋದ ಮೇಲೆ ಮೇಷ್ಟ್ರು ಜಗಲಿಯ ಮೇಲೆ ಕೂತು ನನ್ನ ಮುಖ ನೋಡದೆ ಹೇಳಿದರು:

"ಮೂವತ್ತು ವರ್ಷ ಪಾಠ ಹೇಳಿದೀನಿ. ಒಂದ್ ದಿನ ಯಾರೂ ನನ್ನ ಹಿಂಗೆ ನಿಲ್ಲಿಸಿರ್ಲಿಲ್ಲ. ನಿನ್ ಬಾಯಿಂದ ತೋಟ ಹೋಯ್ತು. ನಾಳೆಯಿಂದ ಬರ್ಬೇಡ."

"ತೋಟ ಎಲ್ಲಿಗೂ ಹೋಗಿಲ್ಲ, ಇಲ್ಲೇ ಐತೆ" ಅಂದು, ಹನ್ನೊಂದು ಕೊಂಬಿನ ಮಣ್ಣನ್ನು ಒಂದು ಕುಡಿಕೆಗೆ ತುಂಬಿ, ಎತ್ತಿಕೊಂಡು ಮನೆಗೆ ಬಂದೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಬರುವ ವರ್ಷ ಕಾಗದ ಬಂತು. ತೋಟ ಇನ್ನೂ ಎಂಟು ವರ್ಷ ನಡೆಯಿತು, ಎಂಟು ವರ್ಷವೂ ನಾನು ಬಿತ್ತಿದೆ. ಮೇಷ್ಟ್ರು ತೀರಿಕೊಂಡ ಮೇಲೆ ಅವರಣ್ಣನ ಮಕ್ಕಳು ಬಳ್ಳಿ ಕಿತ್ತು ತೆಂಗು ಹಾಕಿದರು. ಹಾಕಲಿ. ಏಳು ಮಡಕೆಯ ಬೀಜ ಈಗ ಗುಬ್ಬಿ ಕಡೆಯ ಇಪ್ಪತ್ತು ಮನೆಯಲ್ಲಿದೆ. ಬಟವಾಡಿಯಲ್ಲಿ ಮಗಳ ಬಾಡಿಗೆ ಮನೆಯ ತಾರಸಿಯ ಮೇಲೂ ಪೇಂಟಿನ ಬಕೆಟ್ಟುಗಳಲ್ಲಿ ಅವರೆ ಇದೆ. ಓನರ್ ಬಂದು, ನೀರು ಇಳಿಯುತ್ತೆ ತೆಗೀರಿ ಅಂತ ಎರಡು ಸಲ ಹೇಳಿದ್ದಾನೆ. ಕಾಯಿ ಬಿಟ್ಟಿದೆ, ತೆಗೆಯುವುದಿಲ್ಲ ಅಂದಿದ್ದೇನೆ.

ಆದರೆ ಅವತ್ತು ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಬರಬೇಡ ಅಂದದ್ದಷ್ಟೇ ಗೊತ್ತಿದ್ದದ್ದು.

ಮಾರನೇ ಬೆಳಗ್ಗೆ, ಬೆಳಕು ಹರಿಯುವ ಹೊತ್ತಿಗೆ ಕುಡಿಕೆ ಸೊಂಟಕ್ಕೆ ಇಟ್ಟುಕೊಂಡು ತೋಟಕ್ಕೆ ಹೋದೆ. ಗೇಟಿಗೆ ಸರಪಳಿ ಬಿಗಿದಿತ್ತು. ಹರಳು ಗಿಡದ ಹತ್ತಿರ ಬೇಲಿ ಸಡಿಲವಿರುವುದು ನನಗೆ ಗೊತ್ತು, ಅಲ್ಲಿಂದ ನುಗ್ಗಿದೆ. ತೊಟ್ಟಿಯಿಂದ ನೀರು ಹೊತ್ತು ಪೀಪಾಯಿ ತುಂಬಿಸಿ, ಒಂದು ಹಿಡಿ ಮಣ್ಣು ಹಾಕಿ, ಉದ್ದ ಕೋಲಿನಿಂದ ತಿರುಗಿಸಲು ನಿಂತೆ. ಬಲಕ್ಕೆ ತಿರುಗಿಸಿ ಸುಳಿ ಎದ್ದ ಮೇಲೆ ಎಡಕ್ಕೆ. ಸ್ವಲ್ಪ ಹೊತ್ತಿಗೆ ಜಯಮ್ಮ ಬಂದು ಎದುರಿಗೆ ನಿಂತು ಕೋಲಿಗೆ ಕೈ ಹಾಕಿದಳು. ಅವಳ ಹಿಂದೆ ಇನ್ನು ಮೂವರು ಬೇಲಿಯ ಆಚೆ ನಿಂತಿದ್ದರು, ಬರುವುದೋ ಬೇಡವೋ ಅಂತ.

ಮೇಷ್ಟ್ರು ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಜಗಲಿಗೆ ಬಂದರು. ನೋಡಿದರು. ರಾತ್ರಿ ನಿದ್ದೆ ಮಾಡಿರಲಿಲ್ಲ ಅಂತ ಕಣ್ಣೇ ಹೇಳುತ್ತಿತ್ತು. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಒಂದ್ ಗಂಟೆ ತಿರುಗಿಸ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು" ಅಂದೆ. "ನಂಗೆ ಗಡಿಯಾರ ಇಲ್ಲ. ನಿಮ್ ಕೈಲೈತೆ, ನೋಡಿ ಹೇಳಿ."

ಅವರು ಕೈ ತಿರುಗಿಸಿ ವಾಚು ನೋಡಿಕೊಂಡರು. ಕೆಳಗಿಳಿದು ಬಂದು ಪೀಪಾಯಿಯ ಪಕ್ಕ ಕಲ್ಲಿನ ಮೇಲೆ ಕೂತರು. ನೀರು ಸುತ್ತುವ ಸದ್ದೊಂದೇ. ಬಿಸಿಲು ತೆಂಗಿನ ಮೇಲೆ ಬಂದು, ಆಮೇಲೆ ಕಲ್ಲುಕಂಬದ ಮೇಲೆ ಬಂದಾಗ, ಆಯ್ತು ಅಂದರು.

ಪೊರಕೆ ಅದ್ದಿ ಮೇಲಿನ ಸಾಲಿನಿಂದ ಚಿಮುಕಿಸುತ್ತಾ ಹೊರಟೆ. ಮೊದಲು ನನ್ನ ಎಂಟಡಿಗೆ, ಆಮೇಲೆ ಅವರ ದ್ರಾಕ್ಷಿಗೆ.